ಅಮ್ಮನ ಮಂಡಿಗೆ ಹತ್ತಕ್ಕೆ ಹತ್ತು

ಎಣ್ಣೆ ಬಟ್ಟಲಿನ ಅಂಚು ಒಂದು ಕಡೆ ಸೊಟ್ಟಗಿತ್ತು. ಆ ಸೊಟ್ಟ ಮೂಲೆಯಿಂದಲೇ ಅತ್ತಿಗೆ ಅಮ್ಮನ ಮಂಡಿಗೆ ಬಿಸಿ ಎಳ್ಳೆಣ್ಣೆ ಸುರಿಯುತ್ತಿದ್ದರು, ಒಂದು ಹನಿಯೂ ಸೀರೆಗೆ ತಾಗದ ಹಾಗೆ.

"ಸಾಕು ಬಿಡು ಪುಟ್ಟಿ, ಕೈ ನೋಯ್ತದೆ," ಎಂದಳು ಅಮ್ಮ.

ಪುಟ್ಟಿ! ಆ ಹೆಸರು ಇಪ್ಪತ್ತೆರಡು ವರ್ಷ ನನ್ನದಾಗಿತ್ತು. ಅಣ್ಣನ ಮದುವೆಯ ನಂತರ ಅದು ಯಾವಾಗ ವರ್ಗಾವಣೆಯಾಯಿತೋ, ನನಗೆ ನೋಟಿಸ್ ಬರಲಿಲ್ಲ. ಈಗ ನಾನು ಬರೀ ರಶ್ಮಿ. ಹಾಸನದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ವಾರಕ್ಕೊಮ್ಮೆ ಹೊಳೆನರಸೀಪುರದ ಮನೆಗೆ ಬಂದು ಈ ತೈಲಸೇವೆಯನ್ನು ದೂರದ ಕುರ್ಚಿಯಿಂದ ವೀಕ್ಷಿಸುತ್ತೇನೆ. ಹೊಟ್ಟೆಕಿಚ್ಚು ಎಂಬ ಪದ ನನಗೆ ಹಿಡಿಸುವುದಿಲ್ಲ. ಆದರೆ ಬೇರೆ ಪದ ಸಿಕ್ಕಿಲ್ಲ.

ಎಣ್ಣೆಯನ್ನು ಸೋಲಿಸಲು ವಿಜ್ಞಾನವೇ ಬೇಕೆಂದು ತೀರ್ಮಾನಿಸಿದೆ. ಹಾಸನದ ಡಾಕ್ಟರೊಬ್ಬರು ವಿವರಿಸಿದ್ದರು: ಸವೆದ ಮಂಡಿ ಸವೆದೇ ಇರುತ್ತದೆ, ಆದರೆ ನೋವಿನ ಸುದ್ದಿಯನ್ನು ಮೆದುಳಿಗೆ ಒಯ್ಯುವ ಸಣ್ಣ ನರಗಳನ್ನು ಸೂಜಿಯ ತುದಿಯ ಬಿಸಿಯಿಂದ ಸುಟ್ಟರೆ ಕೆಲವು ತಿಂಗಳು ಆರಾಮ ಸಿಗಬಹುದು. ಅದಕ್ಕೆ ಮುಂಚೆ ಒಂದು ಪರೀಕ್ಷೆ. ಆ ನರಗಳಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನೋಡುತ್ತಾರೆ. ಕೆಲವು ಗಂಟೆಯಾದರೂ ನೋವು ಇಳಿದರೆ ಮಾತ್ರ ಸುಡುವುದು.

ಅಮ್ಮನಿಗೆ ಹೇಳಿದೆ.

"ಸುಡ್ತಾರಾ? ನಮ್ ಕಡೆ ಮಣ್ಣು ಮಾಡೋದು ಕಣವ್ವ, ಸುಡಾಕಿಲ್ಲ! ಅದೂ ನಾನಿನ್ನೂ ಬದುಕಿವ್ನಿ!"

ಅತ್ತಿಗೆ ನಕ್ಕರು. "ಓಗಿ ಬನ್ನಿ ಅತ್ತೆ. ಓದಿರೋಳು ಏಳ್ತಾವ್ಳೆ."

"ನೀನು ಏಳಿದ್ಮೇಲೆ ಆಯ್ತು ಬಿಡು ಪುಟ್ಟಿ."

ಅಂದರೆ ನನ್ನ ಮಾತಿಗಲ್ಲ! "ನಾನೂ ಬರ್ಲಾ ರಶ್ಮಿ?" ಎಂದು ಅತ್ತಿಗೆ ಕೇಳಿದಾಗ, "ನಿಮಗ್ಯಾಕೆ ತೊಂದರೆ," ಎಂದು ಬಹಳ ಸೌಜನ್ಯದಿಂದ ಬಾಗಿಲು ಮುಚ್ಚಿದೆ.

ಆಸ್ಪತ್ರೆಯಲ್ಲಿ ನರ್ಸ್ ಕೇಳಿದರು, "ನೋವು ಹತ್ತಕ್ಕೆ ಎಷ್ಟಿದೆ ಅಮ್ಮ?"

"ಎಂಟು."

ಬಲಮಂಡಿಗೆ ಇಂಜೆಕ್ಷನ್ ಆಯಿತು. "ಇವತ್ತು ಚೆನ್ನಾಗಿ ನಡೆಸಿ, ಗಂಟೆಗೊಮ್ಮೆ ಕೇಳಿ ಬರೆದುಕೊಳ್ಳಿ, ಸಂಜೆ ಫೋನ್ ಮಾಡಿ," ಎಂದರು ಡಾಕ್ಟರು.

ಬರೆದುಕೊಳ್ಳುವುದು! ಅದು ನನ್ನ ಸಾಮ್ರಾಜ್ಯ. ಸ್ಕೇಲಿಟ್ಟು ನಾಲ್ಕು ಕಾಲಂಗಳ ತಖ್ತೆ ಎಳೆದೆ: ವೇಳೆ, ಸ್ಥಳ, ಚಟುವಟಿಕೆ, ಅಂಕ. ಈ ಕೆಲಸ ಯಾವ ಎಣ್ಣೆ ಬಟ್ಟಲಿನಿಂದಲೂ ಸಾಧ್ಯವಿಲ್ಲ!

ಊರಿಗೆ ಮರಳುವಾಗ ನಡೆಸಲೆಂದೇ ಅಮ್ಮನನ್ನು ದಾರಿಯ ಮೊಸಳೆ ಎಂಬ ಹಳ್ಳಿಯಲ್ಲಿ ಬಸ್ಸಿನಿಂದ ಇಳಿಸಿದೆ. ಅಲ್ಲಿನ ಜೋಡಿ ಗುಡಿಗಳಲ್ಲಿ ಒಂದಕ್ಕೆ ಮೂರು ಸುತ್ತು ಹಾಕಿದ ಅಮ್ಮ, "ಪಕ್ಕದ ದೇವ್ರು ಬೇಜಾರು ಮಾಡ್ಕತ್ತಾನೆ," ಎಂದು ಅದಕ್ಕೂ ಮೂರು ಸುತ್ತು ಹಾಕಿದಳು. ಏದುಸಿರು ಬಂದದ್ದು ನನಗೆ. ಗೆದ್ದೆ ಎಂದುಕೊಂಡು ಪೆನ್ನು ತೆಗೆದೆ.

"ಹತ್ತಕ್ಕೆ ಎಷ್ಟಮ್ಮ?"

"ಒಂಬತ್ತು!"

ಪೆನ್ನು ಕೈಯಲ್ಲೇ ನಿಂತಿತು. "ಸರಿಯಾಗಿ ಯೋಚಿಸಿ ಹೇಳು."

ಅಮ್ಮ ನನ್ನ ಮುಖವನ್ನು ಮರುಕದಿಂದ ನೋಡಿದಳು. "ಓಗ್ಲಿ, ಹತ್ತು ಬರ್ಕೊ."

ನನಗೆ ಎಲ್ಲ ಅರ್ಥವಾಯಿತು. ಸೊಸೆಯ ಎಣ್ಣೆಗೆ ಅವಮಾನವಾಗಬಾರದೆಂದು ಈ ತಾಯಿ ನೋವು ನುಂಗಿ ಗುಡಿ ಸುತ್ತುತ್ತಿದ್ದಾಳೆ! "ನಿನ್ನ ಪುಟ್ಟಿಗೆ ಬೇಜಾರಾಗುತ್ತೆ ಅಂತ ತಾನೇ?" ಎಂದೇಬಿಟ್ಟೆ.

"ಯಾಕೇ ಇಂಗಾಡ್ತೀಯೆ? ಹತ್ತಕ್ಕೆ ಹನ್ನೊಂದು ಕೊಡಕ್ಕಾಯ್ತದಾ?"

ಬಸ್ಸಿನಲ್ಲೂ, ಮನೆ ಸೇರಿದ ಮೇಲೂ ಗಂಟೆಗೊಮ್ಮೆ ಮಾತ್ರ "ಎಷ್ಟು?" ಎಂದೆ. "ಹತ್ತು" ಎಂದಳು.

ಸಂಜೆ ಮನೆಯಿಂದ ಡಾಕ್ಟರಿಗೆ ಫೋನಿನಲ್ಲಿ ತಖ್ತೆಯನ್ನು ಓದಿದೆ. "ಎಂಟಿದ್ದದ್ದು ಹತ್ತಾಯಿತೇ? ಹಾಗಾದರೆ ನರ ಸುಟ್ಟು ಪ್ರಯೋಜನವಿಲ್ಲ. ಬಿಟ್ಟುಬಿಡೋಣ," ಎಂದರು.

ಅಷ್ಟರಲ್ಲಿ ಅತ್ತಿಗೆ ಬಟ್ಟಲು ಹಿಡಿದು ಬಂದರು. "ಅತ್ತೆ, ಬಲಮಂಡಿ ನೋವೈತಾ?"

"ಎಲ್ಲಿ ನೋವು? ಆ ಮಂಡಿ ಐತೆ ಅನ್ನೋದೇ ಮರ್ತೋಗೈತೆ ಕಣ್ ಪುಟ್ಟಿ!"

"ಮತ್ತೆ ಹತ್ತು ಅಂದೆಯಲ್ಲ!" ನಾನು ಕಿರುಚಿದೆ. ನಾನು ಕಿರುಚುವವಳಲ್ಲ.

"ಮಾರ್ಕು ಕಣೇ! ಇಂಜೆಕ್ಷನ್ನು ಅಷ್ಟು ಚೆಂದಾಗಿತ್ತು. ಮೊದ್ಲು ಒಂಬತ್ತು ಕೊಟ್ಟೆ, ನೀನು ಮಖ ಗಂಟಾಕ್ಕಂಡೆ. ಮೇಷ್ಟ್ರು ಕೆಲ್ಸದೋಳು, ಮಾರ್ಕು ಕಮ್ಮಿಯಾದ್ರೆ ಅತ್ತಾಳು ಅಂತ ಪೂರ್ತಿ ಕೊಟ್ಬುಟ್ಟೆ!"

ತಖ್ತೆ ನೋಡಿದೆ. ವೇಳೆ ಇತ್ತು, ಸ್ಥಳ ಇತ್ತು, ಚಟುವಟಿಕೆ ಇತ್ತು. 'ನೋವು' ಎಂಬ ಎರಡಕ್ಷರ ಎಲ್ಲಿಯೂ ಇರಲಿಲ್ಲ. ದಿನವಿಡೀ ಒಮ್ಮೆಯೂ ನನ್ನ ಬಾಯಿಂದ ಬಂದಿರಲಿಲ್ಲ. ಅತ್ತಿಗೆ ಬಂದವರೇ ಅದನ್ನೇ ಕೇಳಿದ್ದರು.

ಮರುದಿನ ಬೆಳಗ್ಗೆ ಆಸ್ಪತ್ರೆಗೆ ಫೋನ್ ಮಾಡಿ, ಇಂಜೆಕ್ಷನ್ ಪಾಸಾಗಿದೆ, ಫೇಲಾದದ್ದು ಬರೆದುಕೊಂಡವಳು ಎಂದು ತಪ್ಪೊಪ್ಪಿಕೊಂಡೆ. ನರ್ಸ್ ನಗು ತಡೆದು, "ಇನ್ನೊಂದು ಸಲ ಪರೀಕ್ಷೆ ಮಾಡೋಣ ಬನ್ನಿ. ನೀವೇನು ಕೆಲಸ ಮಾಡೋದು ಮೇಡಂ?" ಎಂದರು. ಸಂಖ್ಯಾಶಾಸ್ತ್ರ ಎನ್ನಲು ನಾಲಿಗೆ ಹೊರಳಲಿಲ್ಲ. "ಮನೆಯಲ್ಲೇ ಇರೋದು," ಎಂದೆ.

"ಈ ಸಲ ನೀವೂ ಬನ್ನಿ ಅತ್ತಿಗೆ," ಎಂದು ಹೇಳಿ, ಬಟ್ಟಲನ್ನು ಕೇಳಿ ತೆಗೆದುಕೊಂಡೆ. ಸೊಟ್ಟ ಮೂಲೆಯಿಂದಲೇ ಸುರಿದೆ. ಅರ್ಧ ಅಮ್ಮನ ಎಡಮಂಡಿಗೆ, ಅರ್ಧ ಸೀರೆಗೆ. ಐದು ನಿಮಿಷ ಶ್ರದ್ಧೆಯಿಂದ ತಿಕ್ಕಿ ಕೇಳಿದೆ, "ಹತ್ತಕ್ಕೆ ಎಷ್ಟಮ್ಮ?"

"ಮೂರು."

ನೋವೋ, ಮಾರ್ಕೋ ಎಂದು ಮಾತ್ರ ಕೇಳಲಿಲ್ಲ!