ವೇಲ್ಸಿನ ವಿರೋಧಪಕ್ಷ, ನಮ್ಮ ಮಾವನ ಶಾಖೆ

ಈ ಬರಹದಲ್ಲಿ ಲೋಪದೋಷಗಳು ಕಂಡುಬಂದರೆ ಓದುಗರು ದಯವಿಟ್ಟು ಮನ್ನಿಸಬೇಕು. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವನು ನಾನೊಬ್ಬನೇ, ತಪ್ಪಿದರೆ ತಿದ್ದುವವರಿಲ್ಲ. ತಿದ್ದಬಲ್ಲೆನೆಂದು ನಂಬಿರುವವರು ಮಾತ್ರ ಒಬ್ಬರಿದ್ದಾರೆ, ನನ್ನ ಸೋದರಮಾವ. ಈ ಲೋಕದಲ್ಲಿ ಅವರು ಒಪ್ಪಿಕೊಂಡ ಸಂಗತಿ ಒಂದೂ ಇಲ್ಲ!

ಮಾವ ಗಲ್ಫಿನಲ್ಲಿ ಅಡುಗೆಯವರಾಗಿದ್ದಾಗ ಅಲ್ಲಿನ ಮೇಸ್ತ್ರಿ ವೇಲ್ಸಿನವನಂತೆ. ಮನೆಯಲ್ಲೊಂದು ಭಾಷೆ, ಕಚೇರಿಯಲ್ಲೊಂದು ಭಾಷೆ. ಥೇಟ್ ನಮ್ಮ ತುಳುವರ ಹಾಗೆ. ಆತನ ಊರಿನ ಸಂಸದರೊಬ್ಬರು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ವರ್ಷಾನುಗಟ್ಟಲೆ ವಿರೋಧಪಕ್ಷದ ಬೆಂಚಿನಲ್ಲೇ ಕುಳಿತವರು. ಸರ್ಕಾರ ಅಲುಗಾಡಿ ಒಂದೊಂದು ಮತಕ್ಕೂ ಬೆಲೆ ಬಂದಾಗ ಅವರು ಮಂತ್ರಿಗಿರಿ ಕೇಳಲಿಲ್ಲ. ಕಲ್ಲುಕೋರೆಯ ಧೂಳಿನಿಂದ ಎದೆ ಕೆಟ್ಟ ಕೂಲಿಕಾರರಿಗೆ ಪರಿಹಾರ ಕೇಳಿದರಂತೆ. ಎಲ್ಲರೂ ಗಲ್ಫಿನಿಂದ ಅತ್ತರು ತಂದರೆ ಮಾವ ತಂದದ್ದು ಈ ಜೀವನಚರಿತ್ರೆಯನ್ನು!

ಬಂದವರೇ ನಾರಾವಿ ಕಡೆಯ ನಮ್ಮ ಗ್ರಾಮ ಪಂಚಾಯತಿಗೆ ನಿಂತು ಗೆದ್ದರು. ಅಂದಿನಿಂದ ಯಾವ ನಿರ್ಣಯ ಬಂದರೂ ವಿರೋಧ. ಒಮ್ಮೆ ಸಂತಾಪ ಸೂಚನೆಯ ಎರಡು ನಿಮಿಷದ ಮೌನ ಮುಗಿಯುತ್ತಲೇ ಮಾವ ಗಡಿಯಾರ ನೋಡಿ ಎದ್ದರು. "ಒಂದೂಕಾಲು ನಿಮಿಷ ಆದದ್ದಷ್ಟೆ. ಉಳಿದ ಮುಕ್ಕಾಲು ಎಲ್ಲಿ ಹೋಯ್ತು?" ಸಭೆ ಮತ್ತೆ ಎದ್ದು ನಿಂತಿತು. ಮನೆಯಲ್ಲೂ ಬಿಡುವುಂಟೇ? ಸಾರಿಗೆ ಉಪ್ಪು ಹೆಚ್ಚಾಯಿತೆಂದರೆ ಅತ್ತೆ ಬಟ್ಟಲನ್ನೇ ಎತ್ತಿಕೊಂಡು ಹೋಗಿ ಸಭೆಯನ್ನು ಮುಂದೂಡುತ್ತಿದ್ದರು.

ಆದರೆ ಒಂದು ವಿಷಯದಲ್ಲಿ ನಗು ಬರುತ್ತಿರಲಿಲ್ಲ. ನಮ್ಮ ಮನೆಗೂ ರಸ್ತೆಗೂ ನಡುವೆ ಹರಿಯುವ ಒಂದು ತೋಡು. ಮಳೆಗಾಲದಲ್ಲಿ ಅದನ್ನು ದಾಟಲು ಹಾಕಿದ ಮರದ ಪಾಲ ಕೊಚ್ಚಿಹೋದರೆ ತಂಗಿಗೆ ಶಾಲೆಯಿಲ್ಲ. ಏಳನೆಯದು ಮುಗಿದರೆ ಸಾಕು, ತನ್ನೊಟ್ಟಿಗೆ ಬೀಡಿ ಕಟ್ಟಲಿ ಎಂದು ಅಮ್ಮ ತೀರ್ಮಾನಿಸಿದ್ದರು. ತಮ್ಮ ಅಣ್ಣನಾದ ಮಾವನ ವಿರೋಧವನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಣ್ಣ ವಿರೋಧಿಸದೆ ಇದ್ದದ್ದು ಯಾವಾಗ? ಪಾಲದ ಬದಲು ಗಟ್ಟಿ ಕಾಲುಸಂಕ ಬೇಕೆಂಬ ಮಾವನ ಬೇಡಿಕೆಗೆ ಪಂಚಾಯತಿಯವರ ಉತ್ತರವೂ ಅದೇ ಆಗಿತ್ತು.

ತಂಗಿ ಏಳನೆಯಲ್ಲಿದ್ದ ವರ್ಷ ಮತ್ತೆ ಚುನಾವಣೆ ನಡೆಯಿತು. ಒಂದು ಗುಂಪಿಗೆ ಏಳು ಸ್ಥಾನ, ಇನ್ನೊಂದಕ್ಕೂ ಏಳು, ಉಳಿದವರು ಮಾವ! ಮಾವನ ಮನೆಗೆ ಬೆಳಿಗ್ಗೆ ಒಂದು ಜೀಪು, ಸಂಜೆ ಇನ್ನೊಂದು. ಎರಡೂ ಗುಂಪಿನವರು ಉಪಾಧ್ಯಕ್ಷ ಸ್ಥಾನ ಕೊಡುತ್ತೇವೆಂದರು.

"ಕುರ್ಚಿ ನಂಗೆ ಯಾಕೆ ಮಾರಾಯ್ರೆ? ಸಂಕ ಮಾಡಿಸ್ತೇವೆ ಅಂತ ಬರೆದು ಕೊಡಿ."

"ಅದು ಆರು ಮನೆಗೆ ಮಾತ್ರ ಅಲ್ವಾ?"

"ಹೌದು. ನನ್ನ ಹತ್ರ ಓಟೂ ಒಂದೇ ಉಂಟು. ಬೇಕಾ?"

ಕರಾರುಪತ್ರವನ್ನು ನಾನು ಮೂರು ಬಾರಿ ತಿದ್ದಿ ಬರೆದೆ. ಮೊದಲು ಸಹಿ ಹಾಕಿದ ಗುಂಪು ಗೆದ್ದಿತು. ಮಾವ ಮತ ಹಾಕಿ ನೇರ ಹೋಗಿ ವಿರೋಧದ ಸಾಲಿನಲ್ಲಿ ಕುಳಿತರು. ಸಂಕದ ನಕ್ಷೆ ಸಭೆಗೆ ಬಂದಾಗ ಅದಕ್ಕೂ ವಿರೋಧ! ಒಂದೇ ಬದಿಗೆ ಹಿಡಿಕಂಬಿ ಹಾಕಿದರೆ ಎಡಗೈಯಲ್ಲಿ ಕೊಡೆ ಹಿಡಿದವರು ಏನು ಮಾಡಬೇಕು? ಎರಡೂ ಬದಿಗೆ ಮಂಜೂರಾಯಿತು.

ಜೂನಿನ ಜಡಿಮಳೆಯಲ್ಲಿ ಶಾಲೆ ಆರಂಭವಾದ ದಿನ ತಂಗಿಯನ್ನು ಎಂಟನೆಯ ತರಗತಿಗೆ ಕಳುಹಿಸಲು ನಾವೆಲ್ಲ ಸಂಕದ ಬಳಿ ನಿಂತಿದ್ದೆವು. ಉದ್ಘಾಟನೆಯ ಕಲ್ಲಿನಲ್ಲಿ ಎಲ್ಲರ ಹೆಸರಿತ್ತು, ಮಾವನದು ಮಾತ್ರ ಇರಲಿಲ್ಲ. ಆಕ್ಷೇಪಣೆ ಬರೆಯಲೇ ಎಂದು ನಾನು ಕೇಳಿದೆ.

"ಸುಮ್ಮನಿರು ಮಾರಾಯ," ಎಂದರು ಮಾವ, ನೀರಿನಿಂದ ಕಣ್ಣು ತೆಗೆಯದೆ. "ಮಗು ಆಚೆ ದಡ ಮುಟ್ಟಲಿ."

ಅವರ ಮನೆ ತೋಡಿನ ಆಚೆ, ರಸ್ತೆಯ ಬದಿಯಲ್ಲೇ ಇದೆ. ಅವರಿಗೆ ಈ ಸಂಕದ ಅಗತ್ಯವೇ ಇರಲಿಲ್ಲ.

ತಂಗಿ ಈಗ ಮೂಡುಬಿದಿರೆಯಲ್ಲಿ ಪಿಯುಸಿ ಓದುತ್ತಿದ್ದಾಳೆ. ನಮ್ಮ ಮನೆಯಲ್ಲಿ ಬೀಡಿ ಕಟ್ಟುವವರು ಅಮ್ಮ ಒಬ್ಬರೇ.