ಮೋಡದಲ್ಲಿ ಎರಡೇ ಕಿಟಕಿ

ಅರ್ಥವಾಗದ ಮಾತಿಗೆ ತಲೆಯಾಡಿಸುವುದು ನನ್ನ ಹಳೆಯ ಚಟ. ಮೇಷ್ಟರಾಗಿದ್ದಾಗ ನನ್ನ ಲೆಕ್ಕದ ಪಾಠಕ್ಕೆ ಮಕ್ಕಳು ಹೀಗೇ ತಲೆಯಾಡಿಸುತ್ತಿದ್ದರು, ಅವರಿಂದಲೇ ಕಲಿತಿರಬೇಕು. ನಿವೃತ್ತನಾದ ಮೇಲೆ ಅರಸೀಕೆರೆಯಲ್ಲಿ ನಮ್ಮ ತೆಂಗು ಬೆಳೆಗಾರರ ಸಂಘಕ್ಕೆ ಕಾರ್ಯದರ್ಶಿಯಾದೆ. ವರ್ಷಕ್ಕೊಮ್ಮೆ ಒಳ್ಳೆಯ ತಳಿಯ ಸಸಿ ಹಂಚುತ್ತೇವೆ. ಸಸಿಗೆ ಮೊದಲು ಚೀಟಿ, ಚೀಟಿಗೆ ಬಿಸಿಲಲ್ಲಿ ಸಾಲು. ಹೋದ ವರ್ಷ ಜಾವಗಲ್‌ನ ರುದ್ರಪ್ಪನವರು, ಎಪ್ಪತ್ತು ದಾಟಿದವರು, ಆ ಸಾಲಿನಲ್ಲೇ ತಲೆಸುತ್ತಿ ಬಿದ್ದರು. ನನ್ನ ಜೀವ ಬಾಯಿಗೆ ಬಂದಿತ್ತು. ಅದೇ ಆವೇಶದಲ್ಲಿ ಸಂಘದ ಸಭೆಯಲ್ಲಿ ಎದ್ದು ನಿಂತು, "ಮುಂದಿನ ವರ್ಷ ಒಬ್ಬರಾದರೂ ಸಾಲಿನಲ್ಲಿ ನಿಂತರೆ ಈ ಕುರ್ಚಿ ಬಿಡ್ತೀನಿ" ಎಂದುಬಿಟ್ಟೆ. ಭಾರಿ ಚಪ್ಪಾಳೆ ಬಿತ್ತು. ಅದು ನಿಂತ ಮೇಲೆ ಮುಂದೇನು ಮಾಡುವುದೆಂದು ತೋಚಲಿಲ್ಲ.

ಕಾಪಾಡಲು ಬಂದವಳು ಚೈತ್ರಾ. ನನ್ನ ಹೆಂಡತಿ ಗಿರಿಜೆಯ ತಂಗಿಯ ಮಗಳು, ಇಲ್ಲೇ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಮೊಬೈಲಿನಲ್ಲೇ ಚೀಟಿ ಸಿಗುವ ಹಾಗೆ ಒಂದು ವೆಬ್‌ಸೈಟ್ ಮಾಡಿಕೊಟ್ಟಳು. "ಇದು ಕ್ಲೌಡ್‌ನಲ್ಲಿರತ್ತೆ ದೊಡ್ಡಪ್ಪ. ಜನ ಕಳಿಸಿದ ಕೋರಿಕೆಗಳು ಅಲ್ಲಿ ಸಾಲಾಗಿ ನಿಲ್ಲತ್ವೆ. ಸಾಲು ಉದ್ದ ಆದ್ರೆ ಅದು ತಾನಾಗೇ ಇನ್ನೊಂದು ಕಿಟಕಿ ತೆಗೆಯತ್ತೆ. ಜನ ಕಮ್ಮಿ ಆದ್ರೆ ತಾನಾಗೇ ಮುಚ್ಚತ್ತೆ" ಎಂದಳು. ನಾನು ತಲೆಯಾಡಿಸಿದೆ. ಆ ಕಿಟಕಿಗಳು ಎಲ್ಲಿಂದ ಬರುತ್ತವೆ, ಮುಚ್ಚಿದ ಮೇಲೆ ಎಲ್ಲಿಗೆ ಹೋಗುತ್ತವೆ, ಅದರ ಹಿಂದೆ ಕೂತವರಿಗೆ ಊಟಕ್ಕೆ ಬಿಡುವುಂಟೋ ಇಲ್ಲವೋ, ಕೇಳಬೇಕೆನಿಸಿತು. ಕೇಳಲಿಲ್ಲ. "ಹೆಚ್ಚೆಂದರೆ ಎಷ್ಟು ಕಿಟಕಿ ಇಡಲಿ?" ಎಂದಳು. "ಎರಡು ಸಾಕು ಕಣಮ್ಮ. ನಮ್ಮ ಆಫೀಸಿಗೆ ಇರೋದೇ ಎರಡು. ಅದರಲ್ಲೂ ಒಂದು ತೆಗೆಯೋಕೇ ಬರಲ್ಲ" ಎಂದೆ ಗತ್ತಿನಿಂದ. ಅವಳು ಎರಡೇ ಇಟ್ಟಳು.

ಇಷ್ಟಕ್ಕೆ ಸುಮ್ಮನಿರಬಹುದಿತ್ತು. ಆದರೆ ನಾವು ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಜನ. ಚೀಟಿ ಕೊಡುವ ಹಿಂದಿನ ದಿನ ಸಂಘದ ವಾಟ್ಸಾಪ್ ಗುಂಪಿಗೆ ಒಂದು ಸೂಚನೆ ಹಾಕಿದೆ: "ಹತ್ತು ಗಂಟೆಗೆ ಶುರು. ಒಂಬತ್ತೂವರೆಗೇ ಮನೆಯ ಎಲ್ಲ ಮೊಬೈಲಲ್ಲೂ ಪುಟ ತೆರೆದು ಜಾಗ ಹಿಡಿಯಿರಿ. ಬರದಿದ್ದರೆ ಬಿಡದೆ ಒತ್ತುತ್ತಿರಿ." ನಲವತ್ತು ಜನ ಕೈಮುಗಿದ ಚಿತ್ರ ಕಳಿಸಿದರು. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಮರುದಿನ ಹತ್ತು ಗಂಟೆಗೆ ಸಂಘದ ಆಫೀಸಿನಲ್ಲಿ ಕೂತು ನಾನೂ ಪುಟ ತೆರೆದೆ. ಒಂದು ಚಕ್ರ ತಿರುಗತೊಡಗಿತು, ತಿರುಗುತ್ತಲೇ ಇತ್ತು. ಒತ್ತಿದೆ. ಮತ್ತೆ ಒತ್ತಿದೆ. ಹತ್ತೂಕಾಲಿಗೆ ಚೈತ್ರಾಳ ಫೋನ್ ಬಂತು.

"ದೊಡ್ಡಪ್ಪ, ದಯವಿಟ್ಟು ಮುಟ್ಟಬೇಡಿ! ಒಂದೊಂದು ಸಲ ಒತ್ತಿದಾಗಲೂ ನೀವು ಹೊಸದಾಗಿ ಸಾಲಿನ ಕೊನೆಗೆ ಹೋಗ್ತೀರಿ. ಹಳೇ ಕೋರಿಕೆಯೂ ಅಲ್ಲೇ ನಿಂತಿರತ್ತೆ. ಕಾಯೋರೇ ಇಲ್ಲದಿದ್ರೂ ಕಿಟಕಿ ಅದಕ್ಕೆ ಉತ್ತರ ಕೊಡ್ತಾ ಕೂತಿರತ್ತೆ."

"ಹಾಗಾದರೆ ಈಗ ನಾನು ಎಲ್ಲಿದ್ದೀನಮ್ಮ?"

"ಒಂದು ಮೂವತ್ತು ಕಡೆ ಇದ್ದೀರಿ."

ನಾನು ಫೋನಿನಲ್ಲೇ ತಲೆಯಾಡಿಸಿದೆ. ಅವಳು ಕಾಲೇಜಿನಿಂದಲೇ ಮಿತಿಯನ್ನು ಎರಡರಿಂದ ಇಪ್ಪತ್ತಕ್ಕೆ ಏರಿಸಿದಳಂತೆ. ಆದರೆ ಹೊಸ ಕಿಟಕಿಗಳು ಎದ್ದು ಸಜ್ಜಾಗಲು ಒಂದಿಷ್ಟು ಹೊತ್ತು ಬೇಕಂತೆ. ಅವು ಸಜ್ಜಾಗುವಷ್ಟರಲ್ಲಿ ನಮ್ಮ ಜನ ಮೊಬೈಲನ್ನು ಜೇಬಿಗೆ ಹಾಕಿ, ಸಿಕ್ಕ ಬಸ್ಸು, ಬೈಕು ಹತ್ತಿಯಾಗಿತ್ತು. ಮೋಡದಲ್ಲಿ ಕಿಟಕಿಗಳೆಲ್ಲ ತೆರೆದು, ಯಾರೂ ಇಲ್ಲವೆಂದು ಒಂದೊಂದಾಗಿ ಮುಚ್ಚಿಕೊಂಡವು. ಇತ್ತ ಆಫೀಸಿನ ಒಂದೇ ಕಿಟಕಿಯ ಮುಂದೆ ರಸ್ತೆಯವರೆಗೆ ಸಾಲು. ಅದರ ನಡುವೆ ರುದ್ರಪ್ಪನವರು.

"ಏನ್ ಸ್ವಾಮಿ, ಸಾಲೇ ಇಲ್ಲ ಅಂದಿದ್ರಿ! ಮೊಬೈಲ್‌ನಾಗೂ ನಿಂತೆ, ಬಸ್ನಾಗೂ ನಿಂತೆ, ಈಗ ಇಲ್ಲೂ ನಿಂತಿವ್ನಿ."

ನಾಚಿಕೆಗಿಂತ ಭಯವೇ ಹೆಚ್ಚಾಯಿತು. ಅವರನ್ನು ಒಳಗೆ ಕರೆದು, ನಾನು ಬಿಡಬೇಕಾಗಿದ್ದ ಕುರ್ಚಿಯಲ್ಲೇ ಕೂರಿಸಿ, ಗಿರಿಜೆಗೆ ಫೋನ್ ಮಾಡಿ, ಜನ ಜಾಸ್ತಿ, ಬೇಗ ಬಾ ಎಂದೆ. ಅವಳು ಹತ್ತೇ ನಿಮಿಷದಲ್ಲಿ ಕೊಬ್ಬರಿ ಎಣ್ಣೆಯ ಬಟ್ಟಲಿನೊಂದಿಗೆ ಬಂದಳು. ವರ್ಷಗಳಿಂದ ಮುಚ್ಚಿದ್ದ ಎರಡನೇ ಕಿಟಕಿಯ ಚಿಲಕಕ್ಕೆ ಎಣ್ಣೆ ಬಿಟ್ಟು, ಎರಡು ಗುದ್ದು ಗುದ್ದಿ, ತೆರೆದು ಕೂತೇಬಿಟ್ಟಳು. ಮೊದಲ ಚೀಟಿ ರುದ್ರಪ್ಪನವರಿಗೆ. ಒಂದು ಗಂಟೆಗೆಲ್ಲ ಸಾಲು ಕರಗಿತು. ನನ್ನ ಕುರ್ಚಿಯ ವಿಷಯ ಯಾರೂ ಎತ್ತಲಿಲ್ಲ. "ಮುಂದಿನ ವರ್ಷ ಅಮ್ಮಾವ್ರನ್ನೇ ಕೂರ್ಸಿ" ಎಂದಷ್ಟೇ ಹೇಳಿ ರುದ್ರಪ್ಪನವರು ಬಸ್ಸಿಗೆ ಹೋದರು.

"ಸರಿ, ಇನ್ನು ನೀನು ಮನೆಗೆ ಹೊರಡು" ಎಂದೆ ಗಿರಿಜೆಗೆ.

"ಜನ ಜಾಸ್ತಿ ಆದ್ರೆ ಬಾ ಅಂತೀರಿ, ಕಮ್ಮಿ ಆದ್ರೆ ಹೊರಡು ಅಂತೀರಿ" ಎಂದಳು ಅವಳು, ಕಿಟಕಿ ಮುಚ್ಚುತ್ತಾ. "ತಾನಾಗೇ ತೆಗೆದು ತಾನಾಗೇ ಮುಚ್ಚೋದು ಅಂತ ಚೈತ್ರಾ ಹೇಳ್ತಾಳಲ್ಲ, ಅದು ನಮ್ಮನೇಲಿ ನಾನೇ ಕಣ್ರೀ. ಮದುವೆ ಆದಾಗಿಂದ."

ತಲೆಯಾಡಿಸಿದೆ. ಈ ಸಲ ಅರ್ಥವಾಗಿಯೇ ಆಡಿಸಿದ್ದು, ಹಾಗಾಗಿ ಅವಳ ಮುಖ ನೋಡಲಾಗಲಿಲ್ಲ.

ಸಂಜೆ ಪ್ರಾಯಶ್ಚಿತ್ತಕ್ಕೆಂದು ಕಾಫಿ ಮಾಡಲು ನಾನೇ ಅಡುಗೆಮನೆಗೆ ಹೋದೆ. ಹಾಲು ಸಿಕ್ಕಿತು. ಪುಡಿಯ ಡಬ್ಬದಲ್ಲಿ ಸಾಸಿವೆಯಿತ್ತು, ಸಾಸಿವೆ ಇರಬೇಕಾದಲ್ಲಿ ರವೆ. ಅರ್ಧ ಗಂಟೆಯಾದರೂ ಸಕ್ಕರೆಯ ಸುಳಿವಿಲ್ಲ. ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ ಗಿರಿಜೆ ಕೂಗಿದಳು: "ಆಯ್ತೇನ್ರೀ?"

"ಹೊಸ ಕಿಟಕಿ ಕಣೇ, ಸಜ್ಜಾಗೋಕೆ ಹೊತ್ತು ಬೇಕು" ಎಂದೆ. "ಮತ್ತೆ ಮತ್ತೆ ಕೇಳಬೇಡ, ಸಾಲಿನ ಕೊನೆಗೆ ಹೋಗ್ತೀಯ."