ಮೂರು ಬೋರ್‌ವೆಲ್, ಒಂದು ಥರ್ಮಾಮೀಟರ್

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರಲ್ಲ, ನಾನು ಬಾಯಿ ಬಿಟ್ಟಾಗಲೆಲ್ಲ ಒಂದೊಂದು ಬೋರ್‌ವೆಲ್ ಕೈತಪ್ಪಿದೆ. ಯಾರೂ ಬಳಸದ ಹಳೇ ಬೋರ್‌ವೆಲ್‌ಗೆ ಕೇಬಲ್ ಕಟ್ಟಿದ ಥರ್ಮಾಮೀಟರ್ ಇಳಿಬಿಟ್ಟು, ಯಾವ ಆಳದಲ್ಲಿ ಎಷ್ಟು ಬಿಸಿ ಎಂದು ಬರೆದುಕೊಳ್ಳುವುದು ನನ್ನ ಕೆಲಸ. ಮೇಲಿನ ಬಿಸಿ ನೆಲದೊಳಗೆ ಬಲು ನಿಧಾನವಾಗಿ ಇಳಿಯುತ್ತದೆ. ಹಾಗಾಗಿ ನಮ್ಮಜ್ಜನ ಕಾಲದಲ್ಲಿ ಸೆಕೆ ಎಷ್ಟಿತ್ತೆಂದು ಆಳದಲ್ಲಿ ಇನ್ನೂ ಗೊತ್ತಾಗುತ್ತದೆ. ಆದರೆ ಒಳಗಿನ ನೀರನ್ನು ಯಾರೂ ಕಲಕಬಾರದು. ಊರಿನ ಪೂರ್ವಕ್ಕೆ ಅಂಥವು ನನಗೆ ಸಿಕ್ಕಿದ್ದು ಮೂರೇ.

೧. ಹೊಗಳಿದ್ದು

ಮೊದಲನೆಯದು ಶಿವಾಜಿನಗರದಲ್ಲಿ, ಬಟ್ಟೆ ಅಂಗಡಿ ಸಾಹೇಬರ ಹಿತ್ತಲಲ್ಲಿತ್ತು. ಅಂಕಿ ಚೆನ್ನಾಗಿ ಬಂದ ಖುಷಿಗೆ, "ಇಂಥ ಒಳ್ಳೇ ಬೋರ್ ನಾನು ನೋಡೇ ಇಲ್ಲ ಸಾಹೇಬ್ರೇ" ಅಂದುಬಿಟ್ಟೆ. ಮುಂದಿನ ವರ್ಷ ಹೋದರೆ ಅದರ ಬಾಯಲ್ಲಿ ಪೈಪು.

"ನೀವು ಹೇಳಿದ್ಮೇಲೆ ಮೋಟಾರ್ ಹಾಕಿಸ್ಬಿಟ್ವಿ ಸಾರ್. ನಿಮ್ಗೂ ಎರಡು ಕ್ಯಾನ್ ತುಂಬಿಸ್ಲಾ?" ಅಂದರು.

೨. ತೆಗಳಿದ್ದು

ನನಗೆ ಬುದ್ಧಿ ಬಂತು. ಕೆ.ಆರ್. ಪುರದ ಮನೆ ಯಜಮಾನರು ಕೇಳುವ ಮೊದಲೇ, "ಇದು ದಂಡ ಸಾರ್, ಏನೂ ಇಲ್ಲ ಇದ್ರಲ್ಲಿ" ಅಂದೆ. ಮುಂದಿನ ವರ್ಷ ಅದನ್ನು ಕಾಂಕ್ರೀಟ್ ಹಾಕಿ ಮುಚ್ಚಿ, ಮೇಲೆ ಕಾರು ನಿಲ್ಲಿಸಿದ್ದರು.

"ಒಳ್ಳೇ ಟೈಮಿಗೆ ಹೇಳಿದ್ರಿ ನೋಡಿ, ಪಾರ್ಕಿಂಗಿಗೆ ಜಾಗ ಆಯ್ತು" ಎಂದು ಕಾಫಿ ಕೊಟ್ಟರು. ಕಾಫಿ ಚೆನ್ನಾಗಿತ್ತು.

೩. ತಮಾಷೆ ಮಾಡಿದ್ದು

ಉಳಿದಿದ್ದು ಜೋಗುಪಾಳ್ಯದ ವಠಾರದ್ದು. ಅಲ್ಲಿನ ಅಜ್ಜಿ, "ಏನಪ್ಪಾ ನೋಡ್ತೀಯ ಅದ್ರೊಳಗೆ?" ಅಂದಾಗ ಹೊಗಳಲಿಲ್ಲ, ತೆಗಳಲಿಲ್ಲ. "ಭೂಮಿತಾಯಿಗೆ ಜ್ವರ ಅಜ್ಜಿ, ಎಷ್ಟಿದೆ ನೋಡ್ತೀನಿ" ಅಂದೆ. ನಾಲ್ಕು ವರ್ಷ ಹೋದಾಗಲೆಲ್ಲ ಅದನ್ನೇ ಹೇಳಿ ನಗುತ್ತಿದ್ದೆ. ಐದು ನಿಮಿಷ ಕೂತು ನಿಜ ವಿಷಯ ಹೇಳಬಹುದಿತ್ತು. ಹೇಳಲಿಲ್ಲ.

ಐದನೇ ವರ್ಷ ಅಂಕಿಗಳೆಲ್ಲ ತಲೆಕೆಳಗಾಗಿದ್ದವು. ಮೇಲಿನ ನೀರು ತಣ್ಣಗಾಗಿಬಿಟ್ಟಿತ್ತು.

"ಇಳೀತಾ ಜ್ವರ?" ಅಂದರು ಅಜ್ಜಿ. ಹೋದ ಸಲ ನಾನು ಬಂದು ಹೋದಮೇಲಿಂದ ದಿನಾ ಬೆಳಿಗ್ಗೆ ಬೋರ್‌ವೆಲ್‌ನೊಳಕ್ಕೆ ಎರಡು ಕೊಡ ತಣ್ಣೀರು ಸುರಿಯುತ್ತಿದ್ದರಂತೆ. ಆ ವಠಾರಕ್ಕೆ ನಲ್ಲಿ ನೀರು ಬರುವುದೇ ಎರಡು ದಿನಕ್ಕೊಮ್ಮೆ. ನನ್ನ ಐದು ವರ್ಷದ ಕೆಲಸ ಹೋದದ್ದಕ್ಕಿಂತ ಆ ಕೊಡಗಳನ್ನು ನೆನೆದು ಹೆಚ್ಚು ಸಂಕಟವಾಯಿತು.

"ಇಳಿದಿದೆ ಅಜ್ಜಿ. ಆದ್ರೆ ಇನ್ಮೇಲೆ ಹಾಕ್ಬೇಡಿ" ಅಂದೆ.

ಅಜ್ಜಿ ನನ್ನ ಕೇಬಲ್ಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ವರ್ಷಾ ವರ್ಷಾ ಬಂದು ಬರೀ ಜ್ವರ ನೋಡ್ಕೊಂಡು ಹೋಗ್ತೀಯಲ್ಲಪ್ಪ, ಒಂದ್ ದಿನನಾದ್ರೂ ಔಷಧಿ ಕೊಟ್ಯಾ?"